ಪುಟದಲ್ಲೇ ಹಾರಿದ ವಿಮಾನಗಳು

ಹಳೆಯ ಅಮೆರಿಕನ್ ಕಾಮಿಕ್ಸ್‌ಗಳ ಕೊನೆಯ ಪುಟಗಳಲ್ಲಿ ಚುಕ್ಕೆಗೆರೆಯ ಒಂದು ಚೌಕ ಇರುತ್ತಿತ್ತು. ಅದರಲ್ಲಿ ಹೆಸರು, ವಿಳಾಸ, ರಾಜ್ಯ, ಜಿಪ್ ಕೋಡ್ ತುಂಬಿ, ಕತ್ತರಿಸಿ, ಒಂದೆರಡು ಡಾಲರಿನ ಜೊತೆ ಲಕೋಟೆಗೆ ಹಾಕಿ ಕಳಿಸಿದರೆ ಮನೆ ಬಾಗಿಲಿಗೆ ಆಟಿಕೆ ಬರುತ್ತದೆ ಎಂಬ ಭರವಸೆ. ಪಕ್ಕದಲ್ಲೇ ಬೆಂಕಿಯುಗುಳುವ ಯುದ್ಧವಿಮಾನದ ಚಿತ್ರ, ಅದನ್ನು ಬೆರಗಿನಿಂದ ನೋಡುವ ಒಬ್ಬ ಹುಡುಗ. ಎಂಬತ್ತರ ದಶಕದಲ್ಲಿ ಇಂಥ ಕಾಮಿಕ್ಸ್‌ಗಳು ನಮ್ಮ ಕಡೆಗೂ ಬರುತ್ತಿದ್ದವು. ಹೊಚ್ಚ ಹೊಸದಾಗಿ ಬರುತ್ತಿರಲಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಿಂದ, ಬೇಸಿಗೆ ರಜೆಗೆ ಬಂದ ನೆಂಟರ ಚೀಲಗಳಿಂದ, ನಾಲ್ಕಾರು ಕೈ ದಾಟಿ ಬರುತ್ತಿದ್ದವು. ನನ್ನ ಕೈಗೆ ಸಿಕ್ಕ ಪ್ರತಿಗಳಲ್ಲಿ ಆ ಚೌಕವನ್ನು ಯಾರೂ ಕತ್ತರಿಸಿರಲಿಲ್ಲ. ಕತ್ತರಿಸಿ ಮಾಡುವುದಾದರೂ ಏನಿತ್ತು?

ಈಗ ನಲವತ್ತರ ಆಸುಪಾಸಿನಲ್ಲಿರುವ ನನ್ನಂಥವರು ಏರ್‌ಫಿಕ್ಸ್, ರೆವೆಲ್ ಮುಂತಾದ ಹಳೆಯ ಕಿಟ್‌ಗಳ ಪೆಟ್ಟಿಗೆಯ ಚಿತ್ರಗಳನ್ನು ಒಬ್ಬರಿಗೊಬ್ಬರು ಕಳಿಸಿಕೊಂಡು ಹಳಹಳಿಸುವುದನ್ನು ನೋಡುತ್ತಿರುತ್ತೇನೆ. ನಾನೂ ಕಳಿಸಿದ್ದೇನೆ. ಆದರೆ ಒಮ್ಮೆ ಸುಮ್ಮನೆ ಕೇಳಿ ನೋಡಿ: 'ಚಿಕ್ಕವರಿದ್ದಾಗ ಇದರಲ್ಲಿ ಯಾವುದನ್ನು ಜೋಡಿಸಿದ್ದಿರಿ?' ಬಹಳಷ್ಟು ಜನ ನಕ್ಕು ಸುಮ್ಮನಾಗುತ್ತಾರೆ. ಇಂಗ್ಲೆಂಡಿನ ಅರವತ್ತು ದಾಟಿದ ಗೃಹಸ್ಥನೊಬ್ಬ ತಾನು ಕಟ್ಟಿದ ಸ್ಪಿಟ್‌ಫೈರ್ ನೆನೆಸಿಕೊಳ್ಳುತ್ತಾನೆ. ನಾವು ನೆನೆಸಿಕೊಳ್ಳುವುದು ಜಾಹೀರಾತನ್ನು. ಒಂದು ವಸ್ತು ಪೆಟ್ಟಿಗೆಯಾಗಿ ಬಾರದೆ ಚಿತ್ರವಾಗಿ ಮಾತ್ರ ಒಂದು ದೇಶಕ್ಕೆ ಏಕೆ ಬಂತು ಎನ್ನುವುದಕ್ಕೆ ತನ್ನದೇ ಆದ ಇತಿಹಾಸವಿದೆ. ಅದು ಹಾದುಹೋಗುವುದು ನಾವು ಹಬ್ಬಕ್ಕೆಂದು ರಾತ್ರಿ ಬಸ್ಸು ಹತ್ತುವ ಪುಣೆ–ಬೆಂಗಳೂರು ಹೆದ್ದಾರಿಯ ಗುಂಟವೇ.

ಆಟಿಕೆ ಮೊದಲು, ವಿಮಾನ ಆಮೇಲೆ

ಮಾದರಿ ವಿಮಾನ ಎಂದರೆ ನಿಜವಾದ ವಿಮಾನದ ಚಿಕ್ಕ ನಕಲು ಎಂದು ನಾವು ತಿಳಿದಿರುತ್ತೇವೆ. ಕಾಲಕ್ರಮದಲ್ಲಿ ನೋಡಿದರೆ ಇದು ತಿರುಗುಮುರುಗು. ಫ್ರಾನ್ಸಿನ ಅಲ್ಫಾನ್ಸ್ ಪೆನೋ 1871ರಲ್ಲಿ ಪ್ಯಾರಿಸ್ಸಿನ ತ್ಯುಲರೀ ಉದ್ಯಾನದಲ್ಲಿ ತಿರುಚಿದ ರಬ್ಬರಿನ ಶಕ್ತಿಯಿಂದ ಒಂದು ಪುಟ್ಟ ವಿಮಾನ ಹಾರಿಸಿದ. ಅದು 11 ಸೆಕೆಂಡುಗಳಲ್ಲಿ ಸುಮಾರು 40 ಮೀಟರ್ ದೂರ ಹೋಯಿತು. ಬಾಲದ ಹತ್ತಿರ ಒಂದು ಚಿಕ್ಕ ಅಡ್ಡರೆಕ್ಕೆ ಇಟ್ಟರೆ ವಿಮಾನ ಮುಗ್ಗರಿಸದೆ ತಾನೇ ಸಮತೋಲ ಕಾಯ್ದುಕೊಳ್ಳುತ್ತದೆ ಎಂಬ ಪಾಠವನ್ನು ಆ ಆಟಿಕೆ ತೋರಿಸಿಕೊಟ್ಟಿತು. ಮನುಷ್ಯನನ್ನು ಹೊತ್ತ ಯಂತ್ರ ಹಾರುವುದಕ್ಕೆ ಇನ್ನೂ ಮೂವತ್ತೆರಡು ವರ್ಷ ಬಾಕಿಯಿತ್ತು. 1878ರಲ್ಲಿ ಅಮೆರಿಕದ ಪಾದ್ರಿಯೊಬ್ಬರು ತಮ್ಮ ಮಕ್ಕಳಿಗೆ ಇದೇ ಪೆನೋ ಮಾದರಿಯ ರಬ್ಬರ್ ಶಕ್ತಿಯ ಹೆಲಿಕಾಪ್ಟರ್ ಆಟಿಕೆ ತಂದುಕೊಟ್ಟರು. ಆ ಮಕ್ಕಳು ಹನ್ನೊಂದು ವರ್ಷದ ವಿಲ್ಬರ್ ಮತ್ತು ಏಳು ವರ್ಷದ ಆರ್ವಿಲ್. ಆಟಿಕೆ ಮುರಿದು ಹೋದಾಗ ಅಣ್ಣತಮ್ಮ ಇಬ್ಬರೂ ಸೇರಿ ತಮ್ಮ ಕೈಯಿಂದ ಅಂಥದ್ದೇ ಇನ್ನೊಂದು ಮಾಡಿಕೊಂಡರು.

ಕಿಟ್ ಎಂಬುದು ವ್ಯಾಪಾರವಾಗಿದ್ದು ಮೊದಲ ಮಹಾಯುದ್ಧದ ನಂತರ. ಅಮೆರಿಕದಲ್ಲಿ ಪಾಲ್ ಗಿಲೋ ಎಂಬ ಮಾಜಿ ನೌಕಾಪಡೆ ಪೈಲಟ್ 1926ರಲ್ಲಿ ಬಾಲ್ಸಾ ಕಟ್ಟಿಗೆಯ ಕಿಟ್ ಮಾರಲು ಶುರುಮಾಡಿದ. ಮರುವರ್ಷವೇ ಲಿಂಡ್‌ಬರ್ಗ್ ಒಬ್ಬನೇ ಅಟ್ಲಾಂಟಿಕ್ ದಾಟಿದ. ಅಮೆರಿಕದ ಹುಡುಗರಿಗೆಲ್ಲ ವಿಮಾನದ ಹುಚ್ಚು ಹತ್ತಿತು. ಇಂಗ್ಲೆಂಡಿನಲ್ಲಿ 1932ರ ಹೊತ್ತಿಗೆ ಫ್ರಾಗ್ ಬಂತು. 'ಫ್ಲೈಸ್ ರೈಟ್ ಆಫ್ ದ ಗ್ರೌಂಡ್' ಎಂಬುದರ ಮೊದಲಕ್ಷರಗಳೇ ಆ ಹೆಸರು, ಅಂದರೆ ಹೆಸರೇ ಒಂದು ಜಾಹೀರಾತು. ಅದೇ ಕಂಪನಿ 1936ರಲ್ಲಿ ಹಾರದೇ ಇರುವ, ಬರೀ ನೋಡಲು ಇಡುವ ಪ್ಲಾಸ್ಟಿಕ್ ವಿಮಾನಗಳ ಕಿಟ್ ತಂದಿತು. ಅದಕ್ಕೆ ಹಾರಲಾರದ ಹಕ್ಕಿಯ ಹೆಸರೇ ಇಟ್ಟರು: ಪೆಂಗ್ವಿನ್. ಅದರ ಅಳತೆ 72ರಲ್ಲಿ ಒಂದು. ಇದೆಂಥ ವಿಚಿತ್ರ ಸಂಖ್ಯೆ ಎಂದು ಮೀಟರಿನಲ್ಲಿ ಕಲಿತ ನಮಗೆ ಅನ್ನಿಸುತ್ತದೆ. ಆರು ಅಡಿ ಅಂದರೆ 72 ಇಂಚು. ಆರಡಿ ಆಳನ್ನು ಒಂದು ಇಂಚಿಗೆ ಇಳಿಸಿದರೆ ಬರುವ ಅಳತೆ ಇದು. ಇವತ್ತಿಗೂ ಪ್ರಪಂಚದ ಕಿಟ್ ಪೆಟ್ಟಿಗೆಗಳ ಮೇಲೆ ಹೆಚ್ಚಾಗಿ ಕಾಣುವ ಅಳತೆಗಳಲ್ಲಿ ಇದೂ ಒಂದು.

ಎರಡನೇ ಮಹಾಯುದ್ಧ ಈ ಆಟವನ್ನು ಸರ್ಕಾರಿ ಕೆಲಸವನ್ನಾಗಿ ಮಾಡಿತು. ಆಕಾಶದಲ್ಲಿ ಕಂಡ ವಿಮಾನ ನಮ್ಮದೋ ಶತ್ರುವಿನದೋ ಎಂದು ಸೈನಿಕರು ಗುರುತು ಹಿಡಿಯಬೇಕಿತ್ತು. ಅದಕ್ಕಾಗಿ 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ಮಕ್ಕಳಿಂದ ಐದು ಲಕ್ಷ ಮಾದರಿಗಳನ್ನು ಕೇಳಿತು: ಐವತ್ತು ಬಗೆಯ ವಿಮಾನಗಳು, ಒಂದೊಂದರದು ಹತ್ತು ಸಾವಿರ. ಅಳತೆ ಅದೇ 72ರಲ್ಲಿ ಒಂದು.

ಇನ್ನು ಏರ್‌ಫಿಕ್ಸ್. ಹಂಗೇರಿಯಿಂದ ಬಂದ ನಿಕೊಲಸ್ ಕೋವ್ 1939ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ಕಂಪನಿ ಅದು. 1949ರಲ್ಲಿ ಫರ್ಗ್ಯುಸನ್ ಟ್ರ್ಯಾಕ್ಟರ್ ಕಂಪನಿ ತನ್ನ ಮಾರಾಟ ಪ್ರತಿನಿಧಿಗಳು ಗಿರಾಕಿಗಳಿಗೆ ತೋರಿಸಲೆಂದು ಟ್ರ್ಯಾಕ್ಟರಿನ ಪುಟ್ಟ ಪ್ಲಾಸ್ಟಿಕ್ ಮಾದರಿ ಮಾಡಿಕೊಡಲು ಹೇಳಿತು. ಅದನ್ನು ಕಾರ್ಖಾನೆಯಲ್ಲಿ ಜೋಡಿಸುವುದು ತಲೆನೋವಿನ ಕೆಲಸವಾಗಿತ್ತು. ಕೊನೆಗೆ ಬಿಡಿಭಾಗಗಳನ್ನೇ ಕೊಟ್ಟು 'ನೀವೇ ಜೋಡಿಸಿಕೊಳ್ಳಿ' ಎನ್ನುವುದು ವ್ಯಾಪಾರವಾಯಿತು. ಕಿಟ್ ಮತ್ತು ಜಾಹೀರಾತು ಬೇರೆ ಬೇರೆ ಎಂದುಕೊಂಡಿದ್ದ ನನಗೆ ಇದು ತಿಳಿದಾಗ ಖುಷಿಯಾಯಿತು: ಏರ್‌ಫಿಕ್ಸ್‌ನ ಮೊದಲ ಕಿಟ್ ಹುಟ್ಟಿದ್ದೇ ಇನ್ನೊಬ್ಬರ ಜಾಹೀರಾತಾಗಿ. 1952ರಲ್ಲಿ ಗೋಲ್ಡನ್ ಹೈಂಡ್ ಹಡಗನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ವುಲ್‌ವರ್ತ್ಸ್ ಅಂಗಡಿಗಳಲ್ಲಿ ಎರಡು ಶಿಲಿಂಗಿಗೆ ಮಾರಿದರು. ಮರುವರ್ಷ ಸ್ಪಿಟ್‌ಫೈರ್ ಬಂತು. ವಾರದ ಕೈಖರ್ಚಿನ ಕಾಸಿನಲ್ಲಿ ಹುಡುಗನೊಬ್ಬ ವಿಮಾನ ಕೊಳ್ಳಬಹುದಾಯಿತು.

1964ರಿಂದ ರಾಯ್ ಕ್ರಾಸ್ ಎಂಬ ಕಲಾವಿದ ಏರ್‌ಫಿಕ್ಸ್ ಪೆಟ್ಟಿಗೆಗಳ ಮೇಲೆ ಚಿತ್ರ ಬರೆದರು. ಒಳಗಿರುವುದು ಬೂದುಬಣ್ಣದ ನಲವತ್ತು ಚೂರು. ಹೊರಗೆ ಮೋಡ ಸೀಳಿಕೊಂಡು ಬರುವ ವಿಮಾನ, ಉರಿಯುವ ಎಂಜಿನ್, ಕೆಳಗೆ ಸಮುದ್ರ. ಕೊಂಡವನಿಗೆ ಚಿತ್ರವೂ ಸಿಕ್ಕಿತು, ಚೂರುಗಳೂ ಸಿಕ್ಕವು. ಎರಡರ ನಡುವಿನ ಅಂತರವನ್ನು ಅವನು ಅಂಟು ಮತ್ತು ಬಣ್ಣದಿಂದ ತುಂಬಿಕೊಂಡ. ನಮಗೆ ಸಿಕ್ಕಿದ್ದು ಚಿತ್ರವೊಂದೇ.

ಬಾಗಿಲು ಏಕೆ ಮುಚ್ಚಿತ್ತು

ಕಾರಣಗಳು ಎಲ್ಲ ಕಾಗದಪತ್ರದಲ್ಲೇ ಇವೆ. 1947ರ ಆಮದು–ರಫ್ತು ನಿಯಂತ್ರಣ ಕಾಯ್ದೆಯಿಂದ ಹೊರದೇಶದ ಗ್ರಾಹಕ ವಸ್ತುಗಳನ್ನು ತರಿಸಲು ಲೈಸೆನ್ಸ್ ಬೇಕಾಯಿತು. ವಿದೇಶಿ ವಿನಿಮಯದ ಕೊರತೆ ಇದ್ದ ದೇಶ ಗೋಧಿ, ಯಂತ್ರ, ಎಣ್ಣೆಗೆಂದು ಡಾಲರ್ ಎಣಿಸುತ್ತಿದ್ದಾಗ ಆಟಿಕೆಗೆ ಲೈಸೆನ್ಸ್ ಯಾರು ಕೊಟ್ಟಾರು? ಮೇಲೆ 1973ರ ಫೆರಾ ಕಾಯ್ದೆ ಬಂತು. ಕಾಮಿಕ್ಸ್ ಹಿಂಬದಿಯ ಚೌಕ ತುಂಬಿ ಒಂದು ಡಾಲರ್ ನೋಟನ್ನು ಲಕೋಟೆಯಲ್ಲಿಟ್ಟು ಕಳಿಸುವುದು ಬಳ್ಳಾರಿಯ ಹುಡುಗನಿಗೆ ಕೈಗೆಟುಕದ್ದು ಮಾತ್ರ ಆಗಿರಲಿಲ್ಲ, ಕಾನೂನಿನ ಪ್ರಕಾರ ತಪ್ಪೂ ಆಗುತ್ತಿತ್ತು.

ಹಾಗಾದರೆ ಇಲ್ಲೇ ಮಾಡಬಹುದಿತ್ತಲ್ಲ? ಕಿಟ್‌ಗಳಿಗೆ ಬೇಕಾದ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಭಾರತದಲ್ಲಿ 1957ರಿಂದಲೇ ತಯಾರಾಗುತ್ತಿತ್ತು. ಕಷ್ಟವಿದ್ದದ್ದು ಅಚ್ಚಿನಲ್ಲಿ. ಪ್ಲಾಸ್ಟಿಕ್ ಕಿಟ್‌ನ ಬೆಲೆಯೆಲ್ಲ ಅದರ ಉಕ್ಕಿನ ಅಚ್ಚಿನದು. ರೆಕ್ಕೆಯ ಮೇಲಿನ ಒಂದೊಂದು ಗೆರೆಯನ್ನೂ ಉಕ್ಕಿನಲ್ಲಿ ಕೊರೆಯಬೇಕು. ಎರಡು ಭಾಗ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಬೇಕು. ಅಷ್ಟು ಖರ್ಚು ಮಾಡಿದ ಮೇಲೆ ಲಕ್ಷಗಟ್ಟಲೆ ಕಿಟ್ ಮಾರಿದರಷ್ಟೇ ಒಂದೊಂದಕ್ಕೆ ಎರಡು ಶಿಲಿಂಗಿನ ಬೆಲೆ ಗಿಟ್ಟೀತು. ನಮ್ಮಲ್ಲಿ ಆಟಿಕೆ ತಯಾರಿಕೆಯನ್ನು ಸಣ್ಣ ಕೈಗಾರಿಕೆಗಳಿಗೆ ಮೀಸಲಿಟ್ಟಿದ್ದರು. ಉದ್ದೇಶ ಒಳ್ಳೆಯದೇ, ಸಾವಿರಾರು ಕೈಗಳಿಗೆ ಕೆಲಸ ಸಿಗಲಿ ಎಂದು. ಆದರೆ ಯಂತ್ರದ ಮೇಲೆ ಹಾಕುವ ಬಂಡವಾಳಕ್ಕೇ ಮಿತಿಯಿದ್ದ ಘಟಕ ಅಂಥ ಅಚ್ಚಿಗೆ ಕೈ ಹಾಕುವುದು ಹೇಗೆ? ಆಟಿಕೆಗಳ ಮೇಲಿನ ಆ ಮೀಸಲಾತಿ ತೆರವಾದದ್ದು 2001ರಲ್ಲಿ.

ಎಲ್ಲರೂ 1991 ಎನ್ನುತ್ತಾರೆ. ಉದಾರೀಕರಣದ ದೊಡ್ಡ ಬಾಗಿಲು ಅಂದು ತೆರೆಯಿತು, ನಿಜ. ಗ್ರಾಹಕ ವಸ್ತುಗಳ ಚಿಕ್ಕ ಬಾಗಿಲು ಮಾತ್ರ ಇನ್ನೂ ಹತ್ತು ವರ್ಷ ಅರ್ಧ ಮುಚ್ಚಿಯೇ ಇತ್ತು. ಆಮದು ನಿರ್ಬಂಧದ ಕೊನೆಯ 715 ಬಾಬ್ತುಗಳು ತೆರವಾದದ್ದು ಏಪ್ರಿಲ್ 1, 2001ರಂದು, ಅದೂ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಅಮೆರಿಕ ಹೂಡಿದ ದಾವೆಯಲ್ಲಿ ಭಾರತ ಸೋತ ಮೇಲೆ. 1980ರ ಸುಮಾರಿಗೆ ಹುಟ್ಟಿದ ನನ್ನ ವಾರಿಗೆಯವರಿಗೆ ಆಗ ಮೀಸೆ ಬಂದು, ಕೆಲಸದ ಚಿಂತೆ ಶುರುವಾಗಿತ್ತು.

ಈ ಮುಚ್ಚಿದ ಬಾಗಿಲಿನ ಈಚೆಗೂ ಕೆಲವು ದ್ವೀಪಗಳಿದ್ದವು. ಕಲ್ಕತ್ತದ ರಸೆಲ್ ಸ್ಟ್ರೀಟಿನ 'ಇಂಡಿಯಾಸ್ ಹಾಬಿ ಸೆಂಟರ್'ನಂಥ ಅಂಗಡಿ, ದಂಡುಪ್ರದೇಶಗಳು, ಗಲ್ಫಿನಲ್ಲೋ ಲಂಡನ್ನಿನಲ್ಲೋ ಸೋದರಮಾವ ಇದ್ದ ಮನೆಗಳು. ಎಲ್ಲಕ್ಕಿಂತ ದೊಡ್ಡ ದ್ವೀಪ ಎನ್‌ಸಿಸಿಯ ವಾಯುದಳ. ಅಲ್ಲಿ ಏರೋಮಾಡೆಲಿಂಗ್ ಪಾಠದ ಭಾಗವೇ ಆಗಿತ್ತು, ಈಗಲೂ ಇದೆ. ಎರಡು ತಂತಿಗಳ ತುದಿ ಹಿಡಿದು ನಿಂತ ಕೆಡೆಟ್ ಸುತ್ತ ವಿಮಾನ ಗಿರಗಿರ ತಿರುಗುವ 'ಕಂಟ್ರೋಲ್ ಲೈನ್' ಹಾರಾಟವನ್ನು ಕಾಲೇಜಿನ ಮೈದಾನದಲ್ಲಿ ನೋಡಿದವರು ನಿಮ್ಮಲ್ಲೂ ಇರಬಹುದು. ಅದರ ಪುಟ್ಟ ಡೀಸೆಲ್ ಎಂಜಿನ್ನಿಗೆ ಹಾಕುತ್ತಿದ್ದದ್ದು ಬಂಕಿನ ಡೀಸೆಲ್ ಅಲ್ಲ. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಬೆರೆಸಿದ ಮಿಶ್ರಣ. ಅಜ್ಜಿ ತಲೆಗೆ ಹಚ್ಚುತ್ತಿದ್ದ ಹರಳೆಣ್ಣೆಯೇ ಎಂಜಿನ್ನಿನ ಒಳಗೆ ಜಾರುವಿಕೆಗೆ ಬರುತ್ತಿತ್ತು. ಆ ಕಮಟು ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಜನ್ಮಕ್ಕೂ ಹೋಗುವುದಿಲ್ಲ.

ಉಳಿದವರಿಗೆ? ನಮ್ಮ ಗದಗ, ಧಾರವಾಡದ ಕಡೆ ಜೋಳದ ದಂಟಿನ ಸಿಪ್ಪೆ ಸುಲಿದು, ಒಳಗಿನ ಬೆಂಡನ್ನು ಕಡ್ಡಿಗಳಿಂದ ಚುಚ್ಚಿ ಬಂಡಿ ಮಾಡುತ್ತಿದ್ದೆವು. ಬಾಲ್ಸಾ ಎಂಬ ದಕ್ಷಿಣ ಅಮೆರಿಕದ ಮರದ ಹೆಸರು ಕೇಳುವ ಮೊದಲೇ ಬೆಂಡಿನಂಥ ಹಗುರ ವಸ್ತುವಿನಿಂದ ಕಟ್ಟಬಹುದು ಎಂಬುದು ಕೈಗೆ ಗೊತ್ತಿತ್ತು. ಮಣ್ಣೆತ್ತಿನ ಅಮವಾಸ್ಯೆಗೆ ಎತ್ತುಗಳು, ದಸರಾಕ್ಕೆ ಬೊಂಬೆ, ಇಲ್ಲಿ ಪುಣೆಯಲ್ಲಿ ದೀಪಾವಳಿಗೆ ಮಕ್ಕಳು ಅಂಗಳದಲ್ಲಿ ಕಟ್ಟುವ ಮಣ್ಣಿನ 'ಕಿಲ್ಲಾ'. ಸಿಂಹಗಡ, ರಾಯಗಡದ ಬುರುಜುಗಳನ್ನು ಮಣ್ಣು, ಕಲ್ಲು, ಗೋಣಿಚೀಲದಿಂದ ಎಬ್ಬಿಸಿ ಮೇಲೆ ರಾಗಿಯೋ ಸಾಸಿವೆಯೋ ಬಿತ್ತಿ ಹಸಿರು ಬರಿಸುತ್ತಾರೆ. ಅಳತೆಗೆ ತಕ್ಕ ಮಾದರಿ ಮಾಡುವ ಕಲೆ ನಮಗೆ ಹೊಸದೇನಲ್ಲ. ಹೊಸದಾಗಿದ್ದದ್ದು, ಸಿಗದೇ ಹೋದದ್ದು, ವಿಮಾನ.

ದೇಶವೇ ಜೋಡಿಸಿದ ಕಿಟ್

ನಮಗೆ ಕಿಟ್ ಸಿಗದ ಅದೇ ದಶಕಗಳಲ್ಲಿ ಬೆಂಗಳೂರಿನಲ್ಲಿ ಬಹಳ ದೊಡ್ಡ ಕಿಟ್‌ಗಳ ಜೋಡಣೆ ನಡೆದಿತ್ತು. ಅದರ ಕತೆ ಶುರುವಾಗುವುದು ನಮ್ಮ ಈ ಕಡೆಯಿಂದಲೇ. ಸೋಲಾಪುರದಲ್ಲಿ ಹುಟ್ಟಿದ, ಪುಣೆ ಜಿಲ್ಲೆಯ ವಾಲಚಂದನಗರಕ್ಕೆ ಹೆಸರು ಕೊಟ್ಟ ಉದ್ಯಮಿ ವಾಲಚಂದ ಹಿರಾಚಂದ 1939ರಲ್ಲಿ ಪ್ರಯಾಣದ ನಡುವೆ ವಿಲಿಯಂ ಪಾಲಿ ಎಂಬ ಅಮೆರಿಕನ್ನನನ್ನು ಭೇಟಿಯಾದರು. ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದವನು ಈ ಪಾಲಿ. 'ಅಲ್ಲಿ ಮಾಡಬಹುದಾದರೆ ಇಲ್ಲೇಕಾಗದು' ಎಂಬ ಮಾತು ಮುಂದುವರಿದು, ಮೈಸೂರು ಸಂಸ್ಥಾನ ಜಾಗ ಕೊಟ್ಟು ಪಾಲುದಾರನಾಗಿ, 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಬೆಂಗಳೂರಿನಲ್ಲಿ ಹುಟ್ಟಿತು. ಅಲ್ಲಿಂದ ಹಾರಿದ ಮೊದಲ ವಿಮಾನ ಹಾರ್ಲೊ ಪಿಸಿ-5. ಅಮೆರಿಕದಿಂದ ಬಿಡಿಭಾಗಗಳಾಗಿ ಬಂದು ಇಲ್ಲಿ ಜೋಡಣೆಯಾಗಿ 1941ರ ಆಗಸ್ಟಿನಲ್ಲಿ ಆಕಾಶಕ್ಕೇರಿತು. ಸರಳವಾಗಿ ಹೇಳಬೇಕೆಂದರೆ, ಅದೊಂದು ಕಿಟ್. ಅಳತೆ ಮಾತ್ರ ಒಂದಕ್ಕೆ ಒಂದು.

ಇಲ್ಲಿಗೆ ಬರುತ್ತಾರೆ ವಿಷ್ಣು ಮಾಧವ ಘಾಟಗೆ. ಹುಟ್ಟಿದ್ದು 1908ರಲ್ಲಿ, ಕೊಲ್ಹಾಪುರ ಜಿಲ್ಲೆಯ ಹಸೂರಚಂಪು ಎಂಬ ಹಳ್ಳಿಯಲ್ಲಿ. ಕರ್ನಾಟಕದ ಗಡಿಗೆ ಹತ್ತಿರದ ಊರು. ನಮ್ಮ ಬಸ್ಸು ಸಂಕೇಶ್ವರ ದಾಟುವಾಗ ಪಶ್ಚಿಮದ ಕಿಟಕಿಯ ಆಚೆಗೆ ಎಲ್ಲೋ ಇರುತ್ತದೆ. ಜರ್ಮನಿಯ ಗಾಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಬಳಿ ಡಾಕ್ಟರೇಟ್ ಮಾಡಿ ಬಂದ ಘಾಟಗೆ ಹೊಸ ಕಾರ್ಖಾನೆ ಸೇರಿದರು. ಅಮೆರಿಕದ ವಿಮಾನ ಜೋಡಿಸುತ್ತಿದ್ದ ಆ ಮೊದಲ ವರ್ಷಗಳಲ್ಲೇ ಹತ್ತು ಜನ ಕೂರಬಹುದಾದ ಒಂದು ಗ್ಲೈಡರನ್ನು ಅವರು ವಿನ್ಯಾಸ ಮಾಡಿದರು. ಅದರ ಹೆಸರು ಜಿ-1. ಕಟ್ಟಿದ್ದು ಒಂದೇ ಒಂದು. ಎಚ್‌ಎಎಲ್‌ನ ಮೊಟ್ಟಮೊದಲ ಸ್ವಂತ ವಿನ್ಯಾಸ ಅದು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಏರೋನಾಟಿಕ್ಸ್ ವಿಭಾಗ ತೆರೆದಾಗ ಅದನ್ನು ಕಟ್ಟಿದವರೂ ಅವರೇ. 1951ರ ಆಗಸ್ಟಿನಲ್ಲಿ ಅವರ ವಿನ್ಯಾಸದ ತರಬೇತಿ ವಿಮಾನ ಎಚ್‌ಟಿ-2 ಹಾರಿತು. ಹಾರ್ಲೊ ಜೋಡಿಸಿದ ಹತ್ತೇ ವರ್ಷಕ್ಕೆ ತನ್ನದೇ ವಿಮಾನ. ಅಂಥ ಸುಮಾರು 170 ವಿಮಾನಗಳು ತಯಾರಾದವು. ನಮ್ಮ ಪೈಲಟ್‌ಗಳ ತಲೆಮಾರುಗಳೇ ಅದರ ಮೇಲೆ ಕಲಿತವು.

ಆಮೇಲೆ ನ್ಯಾಟ್ ಬಂತು. ಬ್ರಿಟನ್ನಿನ ಫಾಲಂಡ್ ಕಂಪನಿಯ ಈ ಪುಟಾಣಿ ಯುದ್ಧವಿಮಾನ ಮೊದಲು ಪೂರ್ತಿಯಾಗಿ, ಆಮೇಲೆ ಅರ್ಧಂಬರ್ಧ ಕಟ್ಟಿದ್ದಾಗಿ, ಆಮೇಲೆ ಬಿಡಿ ಬಿಡಿ ಭಾಗಗಳಾಗಿ ಬೆಂಗಳೂರಿಗೆ ಬಂತು. ಭಾರತದಲ್ಲೇ ತಯಾರಾದ ಭಾಗಗಳಿಂದ ಕಟ್ಟಿದ ಮೊದಲ ನ್ಯಾಟ್ ಹಾರಿದ್ದು 1962ರ ಮೇ ತಿಂಗಳಲ್ಲಿ. ಮೂರು ವರ್ಷದ ನಂತರದ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್‌ಗಳನ್ನು ಎದುರಿಸಿ ಅದು ಮನೆಮಾತಾಯಿತು. ಏರ್‌ಫಿಕ್ಸ್ ಕೂಡ ಅರವತ್ತರ ದಶಕದಲ್ಲಿ ನ್ಯಾಟ್ ಕಿಟ್ ತಂದಿತು, ಆದರೆ ಅದು ಬ್ರಿಟಿಷರ ಎರಡಾಸನದ ತರಬೇತಿ ನ್ಯಾಟ್. ನಮ್ಮ ಒಂಟಿ ಆಸನದ ನ್ಯಾಟಿನ ರೆಕ್ಕೆ ತುದಿಯಿಂದ ತುದಿಗೆ 6.73 ಮೀಟರ್, 72ರಲ್ಲಿ ಒಂದರ ಅಳತೆಯಲ್ಲಿ ಒಂಬತ್ತು ಸೆಂಟಿಮೀಟರಿಗಿಂತ ತುಸು ಹೆಚ್ಚು, ಅಂಗೈಯಲ್ಲಿ ಕೂರುವಷ್ಟು.

ಕುರ್ಟ್ ಟ್ಯಾಂಕ್ ಕತೆ ಇನ್ನೂ ಸ್ವಾರಸ್ಯದ್ದು. ಹಿಟ್ಲರನ ವಾಯುಪಡೆಗೆ ಫೋಕ್-ವುಲ್ಫ್ 190 ವಿನ್ಯಾಸ ಮಾಡಿದ ಈ ಜರ್ಮನ್ ಎಂಜಿನಿಯರ್ ಐವತ್ತರ ದಶಕದಲ್ಲಿ ಬೆಂಗಳೂರಿಗೆ ಬಂದು ಭಾರತೀಯ ಎಂಜಿನಿಯರುಗಳ ಜೊತೆ ಎಚ್‌ಎಫ್-24 ಮಾರುತ್ ಜೆಟ್ ಕಟ್ಟಿದರು. ಎಂಜಿನ್ ಸಿದ್ಧವಾಗುವ ಮೊದಲೇ ಅವರು ಮಾಡಿದ್ದು ಏನು ಗೊತ್ತೇ? ಮಾರುತ್‌ನ ನಿಜವಾದ ಗಾತ್ರದ ಒಂದು ಮರದ ಗ್ಲೈಡರ್. 1959ರಲ್ಲಿ ಡಕೋಟಾ ವಿಮಾನಕ್ಕೆ ಕಟ್ಟಿ ಎಳೆದೊಯ್ದು ಮೇಲೆ ಬಿಟ್ಟರು. ಅದು ಇಳಿಯುವ ರೀತಿಯಿಂದ ಜೆಟ್ಟಿನ ಗುಣ ಅಳೆದರು. ಜೆಟ್ ಮಾರುತ್ ಸುರಂಜನ್ ದಾಸ್ ಕೈಯಲ್ಲಿ ಹಾರಿದ್ದು ಜೂನ್ 17, 1961ರಂದು. ಒಂದು ದೇಶ ಕಟ್ಟಿದ ಅತಿ ದೊಡ್ಡ ಮಾದರಿ ವಿಮಾನಗಳಲ್ಲಿ ಆ ಮರದ ಗ್ಲೈಡರ್ ಕೂಡ ಒಂದು ಎನ್ನಬೇಕು. ಏರ್‌ಫಿಕ್ಸ್ ಪಟ್ಟಿಯಲ್ಲಿ ಟ್ಯಾಂಕ್‌ರ ಫೋಕ್-ವುಲ್ಫ್ ದಶಕಗಟ್ಟಲೆ ಇತ್ತು. ಅವರು ಬೆಂಗಳೂರಿನಲ್ಲಿ ಕಟ್ಟಿದ ಮಾರುತ್ ಎಂದೂ ಬರಲಿಲ್ಲ. ಚಿತ್ರವಾಗಿಯೂ ನಮ್ಮ ವಿಮಾನ ನಮಗೆ ಸಿಗಲಿಲ್ಲ.

ಈ ಇತಿಹಾಸದಿಂದ ನನಗೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಕಿಟ್ ಜೋಡಿಸುವುದು ಕೀಳು ಕೆಲಸವಲ್ಲ. ರೈಟ್ ಸಹೋದರರು ಮುರಿದ ಆಟಿಕೆಯಿಂದ ಕಲಿತರು, ಎಚ್‌ಎಎಲ್ ಹಾರ್ಲೊದಿಂದ ಕಲಿತಿತು. ಬೇರೆಯವರು ಯೋಚಿಸಿಟ್ಟ ಭಾಗಗಳನ್ನು ಜೋಡಿಸುವಾಗ ಅವರು ಹಾಗೇಕೆ ಯೋಚಿಸಿದರು ಎಂಬುದು ಕೈಗೆ ತಿಳಿಯುತ್ತದೆ. ಪ್ರಶ್ನೆ ಇರುವುದು ಅದರ ಮುಂದೆ. ಹಾರ್ಲೊ ಜೋಡಿಸುತ್ತಲೇ ಪಕ್ಕದ ಮೇಜಿನಲ್ಲಿ ಜಿ-1 ಬರೆಯುವ ಘಾಟಗೆ ಇದ್ದಾರೋ ಇಲ್ಲವೋ? ಹಿಂಜವಡಿಯ ಕಟ್ಟಡಗಳಲ್ಲಿ ಇಪ್ಪತ್ತು ವರ್ಷದಿಂದ ಕ್ಲೈಂಟ್ ಕಳಿಸಿದ ಸ್ಪೆಸಿಫಿಕೇಷನ್ ಹಿಡಿದು ಜೋಡಣೆ ಮಾಡಿಸುವ ನನ್ನಂಥ ಪ್ರಾಜೆಕ್ಟ್ ಮ್ಯಾನೇಜರನಿಗೆ ಈ ಪ್ರಶ್ನೆ ಬರೀ ವಿಮಾನದ್ದಲ್ಲ. ನಮ್ಮ ಉದ್ಯಮ ಬಹಳ ಅಚ್ಚುಕಟ್ಟಾಗಿ ಜೋಡಿಸುತ್ತದೆ, ಹೇಳಿದ ದಿನಕ್ಕೆ ಕೊಡುತ್ತದೆ. ಪಕ್ಕದ ಮೇಜು ಬಹಳ ಕಡೆ ಖಾಲಿಯಿದೆ.

ಬಡತನಕ್ಕೆ ಹಾರ ಹಾಕಬೇಡಿ

ಇಂಥ ಮಾತು ಬಂದಾಗ ನಮ್ಮವರು ಹೇಳುವುದೊಂದಿದೆ: 'ಏನೂ ಇರಲಿಲ್ಲ, ಅದಕ್ಕೇ ನಾವು ಎಲ್ಲ ಮಾಡ್ಕೊಂಡ್ವಿ. ಈಗಿನ ಹುಡುಗ್ರಿಗೆ ಎಲ್ಲ ಕೈಗೇ ಸಿಗ್ತದ, ತಲೀ ಓಡಂಗಿಲ್ಲ.' ಕೇಳಲು ಹಿತವಾಗಿದೆ. ಇದನ್ನು ಹೇಳುವವರೆಲ್ಲ ಹೇಗೋ ದಾಟಿ ಬಂದವರು ಎಂಬುದನ್ನು ಮರೆಯಬಾರದು. ಜೋಳದ ದಂಟಿನ ಬಂಡಿ ಮಾಡಿದ ಹುಡುಗರಲ್ಲಿ ಎಂಜಿನಿಯರ್ ಆದವರು ಎಷ್ಟು, ಹೊಲದಲ್ಲೇ ಉಳಿದವರು ಎಷ್ಟು? ಅವರಿಗೆ ವಿಮಾನ ಬರೀ ತಲೆಯ ಮೇಲೆ ಹಾದುಹೋಗುವ ಸದ್ದಾಗಿಯೇ ಉಳಿಯಿತು. ಜಾಹೀರಾತುಗಳಲ್ಲೂ ನೋಡಿ, ಮೇಜಿನ ಸುತ್ತ ಅಪ್ಪ, ಮಗ. ಹುಡುಗಿಯರು ಕಾಣುವುದು ಅಪರೂಪ. ನನ್ನ ಅಕ್ಕ ನನಗಿಂತ ಚೆನ್ನಾಗಿ ಬೆಂಡು ಕತ್ತರಿಸುತ್ತಿದ್ದಳು. ಆಕೆಗೆ ಏರೋಮಾಡೆಲಿಂಗ್ ಎಂಬುದೊಂದಿದೆ ಎಂದು ಯಾರೂ ಹೇಳಲಿಲ್ಲ. ಕೊರತೆಯೇ ಜಾಣ್ಮೆ ಕಲಿಸುತ್ತದೆ ಎಂದು ಹೊಗಳಿದರೆ, ಕೊರತೆಯಲ್ಲಿ ಕಳೆದುಹೋದವರ ಲೆಕ್ಕ ಯಾರು ಇಡುತ್ತಾರೆ?

ಕೊರತೆಯನ್ನು ಹೊಗಳದೆ ಅದನ್ನು ದಾಟುವ ಕೆಲಸ ಮಾಡಿದವರು ನಮ್ಮ ಈ ಪುಣೆಯಲ್ಲೇ ಇದ್ದರು. ಐಐಟಿ ಕಾನ್ಪುರದಲ್ಲಿ ಓದಿ ಇಲ್ಲಿನ ಟೆಲ್ಕೋದಲ್ಲಿ ಕೆಲಸಕ್ಕಿದ್ದ ಅರವಿಂದ ಗುಪ್ತಾ, ಕೆಲಸ ಬಿಟ್ಟು ಮಕ್ಕಳ ಹಿಂದೆ ಹೋದರು. ಸೈಕಲ್ಲಿನ ವಾಲ್ ಟ್ಯೂಬಿನ ಚೂರುಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿ ಅವರು ಮಾಡಿದ ಜೋಡಣೆಯ ಆಟ ಕೆಲವೇ ಪೈಸೆಗಳ ಮೆಕ್ಯಾನೊ. ಮುಂದೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ವಿಶ್ವವಿದ್ಯಾಲಯದ ಆವರಣದ ಐಯುಕಾದ ಮುಕ್ತಾಂಗಣ ಕೇಂದ್ರದಲ್ಲಿ ಕಸದಿಂದ ಆಟಿಕೆ ಮಾಡುವುದನ್ನು ಕಲಿಸಿದರು. 2018ರಲ್ಲಿ ಪದ್ಮಶ್ರೀ ಬಂತು. ಅವರು ಕಸದಲ್ಲೇ ಇರಿ ಎಂದು ಮಕ್ಕಳಿಗೆ ಹೇಳಲಿಲ್ಲ. ಯಾವ ಮಗುವೂ ಅಂಗಡಿಗಾಗಿ ಕಾಯಬಾರದು ಎಂದು ನೋಡಿಕೊಂಡರು. ಇನ್ನೊಬ್ಬರು ಕೋಥರೂಡದ ಭಾವು ಜೋಶಿ. ಬಾಲ್ಯದ ರೈಲಿನ ಹುಚ್ಚನ್ನು ಬಿಡದೆ ಜೀವಮಾನವಿಡೀ ಪುಟ್ಟ ರೈಲು, ಸಿಗ್ನಲ್ಲು, ಸೇತುವೆ ಕಟ್ಟಿದ ಅವರ ಮಿನಿಯೇಚರ್ ರೈಲ್ವೆ ವಸ್ತುಸಂಗ್ರಹಾಲಯ 1998ರಿಂದ ಇದೆ. ಮಕ್ಕಳನ್ನು ಕರೆದುಕೊಂಡು ಹೋದ ಅಪ್ಪಂದಿರು ಹೊರಗೆ ಬರಲು ಒಪ್ಪುವುದಿಲ್ಲ, ನಾನೂ ಒಪ್ಪಲಿಲ್ಲ.

ಬಾಗಿಲು ಈಗ ಮತ್ತೆ ಅರ್ಧ ಮುಚ್ಚುತ್ತಿದೆ. ಕಸ್ಟಮ್ಸ್ ಪಟ್ಟಿಯಲ್ಲಿ ಅಳತೆಯ ಮಾದರಿಗಳು ಆಟಿಕೆಗಳ ಜೊತೆ ಒಂದೇ ಶೀರ್ಷಿಕೆಯಲ್ಲಿವೆ. ಆಟಿಕೆಗಳ ಮೇಲಿನ ಸುಂಕ 2020ರಲ್ಲಿ 20ರಿಂದ 60 ಶೇಕಡಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಬಿಐಎಸ್ ಗುರುತು ಕಡ್ಡಾಯವಾಯಿತು. 2022ರ ಫೆಬ್ರವರಿಯಲ್ಲಿ ಡ್ರೋನ್ ಆಮದು ನಿಷೇಧವಾದಾಗ, ಪೂರ್ತಿ ಕಟ್ಟಿದ್ದಲ್ಲದೆ ಬಿಚ್ಚಿಟ್ಟ ಕಿಟ್ ರೂಪದಲ್ಲಿ ಬರುವುದಕ್ಕೂ ತಡೆ ಬಿತ್ತು. ಬಿಡಿ ಸಾಮಾನು ಮಾತ್ರ ಬರಬಹುದು. ಕಳಪೆ, ವಿಷದ ಬಣ್ಣದ ಆಟಿಕೆಗಳಿಂದ ಮಕ್ಕಳನ್ನು ಕಾಯುವುದು ಸರಿ. ಇಲ್ಲಿನ ತಯಾರಕರಿಗೆ ನೆಲೆ ಸಿಗಲಿ ಎನ್ನುವುದೂ ಸರಿ. ಆದರೆ ಹಿಂದಿನ ಸಲ ಬಾಗಿಲು ಹಾಕಿದಾಗ ಒಳಗೆ ಒಂದು ಒಳ್ಳೆಯ ಕಿಟ್ ಕಂಪನಿ ಬೆಳೆಯಲಿಲ್ಲ ಎಂಬುದನ್ನೂ ನೆನಪಿಡಬೇಕು. ಬಾಗಿಲು ಹಾಕುವುದು ಒಂದು ಕೆಲಸ, ಒಳಗೆ ಅಚ್ಚು ಕೊರೆಯುವುದು ಇನ್ನೊಂದು. ಈ ಸಲ ಎರಡನೆಯದು ಆಗುತ್ತದೆಯೇ ಎಂದು ನೋಡಬೇಕು. ಎಚ್‌ಟಿ-2, ಮಾರುತ್, ನಮ್ಮ ನ್ಯಾಟುಗಳ ಒಂದು ಒಳ್ಳೆಯ ಭಾರತೀಯ ಕಿಟ್, ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಇತಿಹಾಸ. ಕೇಳಿದರೆ ಇದು ದೊಡ್ಡ ಬೇಡಿಕೆಯೇನಲ್ಲ.

ಅಲ್ಲಿಯವರೆಗೆ ನಾವು ಮಾಡಬಹುದಾದ ಕೆಲಸ ಚಿಕ್ಕದು. ಸೋಲಾಪುರ ರಸ್ತೆಯ ಹಡಪಸರದಲ್ಲಿ ಡಿಜಿಸಿಎಯ ಗ್ಲೈಡಿಂಗ್ ಕೇಂದ್ರವಿದೆ. ಎಂಜಿನ್ ಇಲ್ಲದ ವಿಮಾನ ಗಾಳಿಯನ್ನೇ ನಂಬಿ ಹೇಗೆ ಏರುತ್ತದೆ ಎಂಬುದನ್ನು ಮಕ್ಕಳಿಗೆ ಹೇಳಿಕೊಡಲು ಅದಕ್ಕಿಂತ ಒಳ್ಳೆಯ ನೆಪ ಸಿಗದು. ಊರಿಗೆ ಹೋದಾಗ ಬೆಂಗಳೂರಿನ ಎಚ್‌ಎಎಲ್ ಹೆರಿಟೇಜ್ ಸೆಂಟರಿನಲ್ಲಿ ಎಚ್‌ಟಿ-2ರ ಮುಂದೆ ಐದು ನಿಮಿಷ ನಿಂತು ಘಾಟಗೆಯವರ ಹೆಸರು ಹೇಳಿ. ಬರುವ ದೀಪಾವಳಿ ರಜೆಗೆ ಒಂದು ಬಾಲ್ಸಾ ಗ್ಲೈಡರ್ ಕೊಂಡು ತಂದು, ಮಗಳ ಕೈಗೂ ಮಗನ ಕೈಗೂ ಬ್ಲೇಡು ಕೊಟ್ಟು, ಜೊತೆಗೆ ಕೂತು ಜೋಡಿಸಿ. ಹಾರಿಸಿ, ಮುರಿಯಲಿ. ಎರಡನೆಯದಕ್ಕೆ ಕಿಟ್ ತರಬೇಡಿ. ಮುರಿದದ್ದನ್ನೇ ಅಳತೆ ಹಿಡಿದು ಬೆಂಡಿನಲ್ಲೋ, ಥರ್ಮೋಕೋಲಿನಲ್ಲೋ ಅವರೇ ಬರೆದು ಕತ್ತರಿಸಲಿ. ಅದು ಮೂಗುಮುಚ್ಚಿ ನೆಲಕ್ಕೆ ಬಿದ್ದರೆ, ಬಾಲದ ರೆಕ್ಕೆಯನ್ನು ಒಂದಿಷ್ಟು ದೊಡ್ಡದು ಮಾಡಿ ನೋಡಲು ಹೇಳಿ.